ನಾಯಕರ ಮನೆಯ ಮಕ್ಕಳು

ಚುನಾವಣೆ ಬಂತೆಂದರೆ ಪತ್ರಿಕೆಗಳಲ್ಲಿ ಒಂದು ಬಗೆಯ ಚಿತ್ರ ತಪ್ಪದೆ ಕಾಣಿಸಿಕೊಳ್ಳುತ್ತದೆ. ಪ್ರಚಾರಕ್ಕೆ ಹೊರಡುವ ಮುನ್ನ ಅಭ್ಯರ್ಥಿಯು ಹೆಂಡತಿ ಮಕ್ಕಳೊಡನೆ ಚಾವಡಿಯಲ್ಲಿ ಕುಳಿತು ಚಹಾ ಕುಡಿಯುವ ಚಿತ್ರ. ಎಣಿಕೆ ಮುಗಿದು ಗೆದ್ದರೆ ಮಗಳು ತಂದೆಯ ಬಾಯಿಗೆ ಲಾಡು ಇಡುವ ಚಿತ್ರ. ಅಲ್ಲಿಂದ ಮುಂದಿನ ಐದು ವರ್ಷ ಆ ಮಕ್ಕಳು ಹೇಗೆ ಬೆಳೆದರು, ಅವರ ಪಾಠಪಟ್ಟಿ ನೋಡಿದವರು ಯಾರು, ಜ್ವರ ಬಂದಾಗ ಹಾಸಿಗೆಯ ಬಳಿ ಕುಳಿತವರು ಯಾರು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಅದು ಅವರ ಮನೆಯ ವಿಚಾರ, ನಮಗೇಕೆ ಎಂಬ ಉತ್ತರ ಸಿದ್ಧವಾಗಿರುತ್ತದೆ. ಇನ್ನೊಂದು ಕಡೆ ಬಸ್ ಸ್ಟ್ಯಾಂಡಿನ ಹೋಟೆಲುಗಳಲ್ಲಿ ಕುಳಿತು ನಾಯಕರ ಸಂಸಾರದ ಗುಟ್ಟುಗಳನ್ನು ಕೆದಕಿ ರುಚಿ ನೋಡುವವರಿಗೂ ಕೊರತೆಯಿಲ್ಲ.

ಇವೆರಡೂ ಸರಿಯಾದ ಕ್ರಮವಲ್ಲವೆಂದು ನನ್ನ ಅಭಿಪ್ರಾಯ. ಸಾರ್ವಜನಿಕ ಜೀವನಕ್ಕೆ ಇಳಿದ ಗಂಡ ಹೆಂಡಿರ ಮನೆಯಲ್ಲಿ ನಾವು ನೋಡಲೇಬೇಕಾದದ್ದು ಸ್ವಲ್ಪ ಇದೆ; ನೋಡಬಾರದ್ದು ಬಹಳ ಇದೆ. ನೋಡಲೇಬೇಕಾದದ್ದು ಇಷ್ಟೆ: ಊರಿನ ಮಕ್ಕಳಿಗೆ ಒಳ್ಳೆಯದೆಂದು ಅವರು ಹೇಳಿದ್ದನ್ನು ತಮ್ಮ ಮಕ್ಕಳಿಗೂ ಮಾಡಿದರೆ? ತಮ್ಮ ಪದವಿಯ ಭಾರವನ್ನು ಮಕ್ಕಳ ಹೆಗಲಿಗೆ ಹೊರಿಸದೆ ಉಳಿದರೆ? ಈ ಎರಡು ಪ್ರಶ್ನೆಗಳನ್ನು ಇಟ್ಟುಕೊಂಡು ನಮ್ಮ ಜಿಲ್ಲೆಗೆ ಚೆನ್ನಾಗಿ ಪರಿಚಯವಿದ್ದ ಒಂದು ದಂಪತಿಯ ಬಾಳನ್ನು ನೋಡೋಣ.

ಸೆರೆಮನೆಯಿಂದ ಸಂಸಾರಕ್ಕೆ

ಎ.ಕೆ. ಗೋಪಾಲನ್ ಮತ್ತು ಸುಶೀಲಾ ಗೋಪಾಲನ್ ಅವರ ಹೆಸರು ಕೇಳದವರು ಕಾಸರಗೋಡಿನಲ್ಲಿ ವಿರಳ. 1957, 1962, 1967ರ ಮೂರು ಚುನಾವಣೆಗಳಲ್ಲಿ ಎ.ಕೆ.ಜಿ.ಯವರನ್ನು ಲೋಕಸಭೆಗೆ ಕಳಿಸಿದ್ದು ಇದೇ ಕ್ಷೇತ್ರ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದ ಮರುವರ್ಷವೇ ಆ ಮೊದಲ ಚುನಾವಣೆ ನಡೆದದ್ದು. ಕಾಸರಗೋಡು ಕೇರಳದಲ್ಲಿಯೇ ಉಳಿಯಬೇಕೆಂಬುದು ಅವರ ಪಕ್ಷದ ನಿಲುವು. ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂಬುದು ನಮ್ಮ ಹಿರಿಯರ ಹಂಬಲ. ಮಹಾಜನ ಆಯೋಗವು 1967ರಲ್ಲಿ ನಮ್ಮ ಹಿರಿಯರ ಪಕ್ಷವನ್ನೇ ಎತ್ತಿ ಹಿಡಿಯಿತು; ಆ ವರದಿ ಕಾರ್ಯಗತವಾಗಲಿಲ್ಲ. ಈ ಭಿನ್ನಾಭಿಪ್ರಾಯ ಇದ್ದದ್ದೇ. ಆದರೆ ಒಬ್ಬ ಮನುಷ್ಯನ ರಾಜಕೀಯವನ್ನು ಒಪ್ಪದವರೂ ಅವನ ಬಾಳಿನಿಂದ ಕಲಿಯಬಹುದು.

1904ರಲ್ಲಿ ಕಣ್ಣೂರಿನ ಪೆರಳಶ್ಶೇರಿಯ ಕಡೆ ಹುಟ್ಟಿದ ಗೋಪಾಲನ್ ಮೊದಲು ಶಾಲೆಯ ಅಧ್ಯಾಪಕರಾಗಿದ್ದರು. ನಮ್ಮ ವೃತ್ತಿಯವರು. 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆಂದು ಕೆಲಸ ಬಿಟ್ಟವರು ಮರಳಿ ತರಗತಿಗೆ ಬರಲಿಲ್ಲ. 1931ರಲ್ಲಿ ಗುರುವಾಯೂರು ಸತ್ಯಾಗ್ರಹದಲ್ಲಿ ಸ್ವಯಂಸೇವಕರ ನಾಯಕ. 1936ರಲ್ಲಿ ಕಣ್ಣೂರಿನಿಂದ ಮದರಾಸಿಗೆ ನಡೆದ ಹಸಿವಿನ ಜಾಥಾದ ಮುಂದಾಳು. ಬಳಿಕ ಕಮ್ಯೂನಿಸ್ಟ್ ಪಕ್ಷ, ವೇಲೂರು ಜೈಲಿನಿಂದ ಪಲಾಯನ, ವರ್ಷಗಟ್ಟಲೆ ಭೂಗತ ಜೀವನ. 1947ರ ಆಗಸ್ಟ್ 15ರಂದು ದೇಶಕ್ಕೆ ಸ್ವಾತಂತ್ರ್ಯ ಬಂದ ದಿನವೂ ಅವರು ಸೆರೆಮನೆಯಲ್ಲಿದ್ದರು. ವಿಚಾರಣೆಯಿಲ್ಲದ ಬಂಧನವನ್ನು ಪ್ರಶ್ನಿಸಿ ಅವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1950ರಲ್ಲಿ ಕೊಟ್ಟ ತೀರ್ಪನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ.

ಇಂಥವರಿಗೆ ಸಂಸಾರವೆಂಬುದು ಒದಗಿದ್ದೇ ತಡವಾಗಿ. ಭೂಗತರಾಗಿದ್ದಾಗ ಅವರಿಗೆ ಆಶ್ರಯ ಕೊಟ್ಟ ಮನೆಗಳಲ್ಲಿ ಆಲಪ್ಪುಳದ ಮುಹಮ್ಮದಲ್ಲಿದ್ದ ಚೀರಪ್ಪಂಚಿರ ಮನೆಯೂ ಒಂದು. ಆ ಮನೆಯ ಹುಡುಗಿಯೇ ಸುಶೀಲಾ. 1952ರಲ್ಲಿ ಮದುವೆಯಾದಾಗ ವರನಿಗೆ ಐವತ್ತರ ಸಮೀಪ, ವಧುವಿಗೆ ಇಪ್ಪತ್ತು ದಾಟಿ ಎರಡು ಮೂರು ವರ್ಷ. ಜಾತಿ ಬೇರೆ, ಸೀಮೆ ಬೇರೆ. ಅದೇ ವರ್ಷ ಗೋಪಾಲನ್ ಕಣ್ಣೂರಿನಿಂದ ಮೊದಲ ಲೋಕಸಭೆಗೆ ಆಯ್ಕೆಯಾಗಿದ್ದರು. ಅವರಿಗೆ ಹುಟ್ಟಿದ್ದು ಒಬ್ಬಳೇ ಮಗಳು.

ಆ ಮಗಳ ಬಾಲ್ಯದ ಕಾಲದ ತಂದೆ ತಾಯಿಯರ ದಿನಚರಿಯನ್ನು ಸ್ವಲ್ಪ ಊಹಿಸಿ ನೋಡಿ. ತಂದೆ ಸಂಸತ್ತಿನಲ್ಲಿ ಕಮ್ಯೂನಿಸ್ಟ್ ಗುಂಪಿನ ನಾಯಕ. ಸಂಸತ್ತು ಇಲ್ಲದ ದಿನ ಊರೂರು ಸುತ್ತಾಟ. 1961ರಲ್ಲಿ ಇಡುಕ್ಕಿಯ ಕಡೆ ಒಕ್ಕಲೆಬ್ಬಿಸಿದ ರೈತರಿಗಾಗಿ ಅಮರಾವತಿಯಲ್ಲಿ ಉಪವಾಸ ಕುಳಿತರು. 1964ರಲ್ಲಿ ಪಕ್ಷ ಇಬ್ಭಾಗವಾದ ಕಾಲಕ್ಕೆ ಮತ್ತೆ ಬಂಧನ. ತಾಯಿ ಆಲಪ್ಪುಳದ ತೆಂಗಿನ ನಾರಿನ ಕಾರ್ಮಿಕ ಹೆಂಗಸರ ಸಂಘಟನೆಯಲ್ಲಿ. 1967ರಲ್ಲಿ ಆಕೆಯೂ ಅಂಬಲಪ್ಪುಳದಿಂದ ಲೋಕಸಭೆಗೆ ಗೆದ್ದರು. ಗಂಡನ ಕ್ಷೇತ್ರ ಕೇರಳದ ಉತ್ತರ ತುದಿ. ಹೆಂಡತಿಯದು ನಾನೂರು ಕಿಲೋಮೀಟರಿನಷ್ಟು ದಕ್ಷಿಣಕ್ಕೆ. ಕೆಲಸದ ಸ್ಥಳ ದಿಲ್ಲಿ. ಇದರ ಮಧ್ಯೆ ಒಂದು ಮಗುವಿನ ಶಾಲೆ, ಪರೀಕ್ಷೆ, ನೆಗಡಿ ಜ್ವರ.

"ಊರಿಗೆ ಉಪಕಾರಿ, ಮನೆಗೆ ಮಾರಿ" ಎಂಬ ಗಾದೆಯನ್ನು ಇಂಥವರಿಗೆ ಅನ್ವಯಿಸಿ ಕೈತೊಳೆದುಕೊಳ್ಳುವವರಿದ್ದಾರೆ. ನನಗೆ ಆ ಗಾದೆ ಇಲ್ಲಿ ನ್ಯಾಯವೆನಿಸುವುದಿಲ್ಲ. ಊರಿನವರು ತಮ್ಮ ಕಷ್ಟಕ್ಕೆ ರಾತ್ರಿ ಹನ್ನೆರಡು ಗಂಟೆಗೆ ಬಾಗಿಲು ತಟ್ಟುವುದು, ಅದೇ ಊರಿನವರು ಹಗಲು ಹೊತ್ತು "ಇವರಿಗೆ ಮನೆಯ ಜವಾಬ್ದಾರಿಯೇ ಇಲ್ಲ" ಎನ್ನುವುದು, ಎರಡೂ ಒಂದೇ ಬಾಯಿಯಿಂದ ಬರುವ ಮಾತು. ಸಾರ್ವಜನಿಕ ಸೇವೆಯ ವೆಚ್ಚದಲ್ಲಿ ಒಂದು ಪಾಲನ್ನು ಮಕ್ಕಳು ತೆರುತ್ತಾರೆ. ಅದನ್ನು ಅನುಭವಿಸುವವರು ನಾವು. ಆದ್ದರಿಂದ ಆ ವೆಚ್ಚವನ್ನು ಕಡಿಮೆ ಮಾಡುವ ಹೊಣೆಯೂ ನಮಗಿದೆ.

ಸೀಟು ಯಾರದು?

ಎ.ಕೆ.ಜಿ.ಯವರು 1971ರಲ್ಲಿ ಪಾಲಕ್ಕಾಡಿಗೆ ಹೋದರು. 1977ರ ಮಾರ್ಚ್ 22ರಂದು, ತುರ್ತು ಪರಿಸ್ಥಿತಿಯ ಸರಕಾರ ಜನರ ಮತದಿಂದ ಬಿದ್ದ ಗಳಿಗೆಯಲ್ಲಿ, ತೀರಿಕೊಂಡರು. ಸುಶೀಲಾ ಅವರು 1980ರಲ್ಲಿ ಆಲಪ್ಪುಳದಿಂದ, 1991ರಲ್ಲಿ ಚಿರಯಿನ್‌ಕೀಳಿನಿಂದ ಮತ್ತೆ ಲೋಕಸಭೆಗೆ ಹೋದರು. 1996ರಲ್ಲಿ ಮುಖ್ಯಮಂತ್ರಿ ಪದವಿಗೆ ಅವರ ಹೆಸರು ಬಲವಾಗಿ ಬಂದಿತ್ತು. ಪಕ್ಷದೊಳಗಿನ ಅಲ್ಪ ಅಂತರದ ಮತದಿಂದ ಅದು ಇ.ಕೆ. ನಾಯನಾರ್ ಅವರ ಪಾಲಾಯಿತು. ಸುಶೀಲಾ ಅವರು ಕೈಗಾರಿಕಾ ಸಚಿವೆಯಾಗಿ ದುಡಿದು 2001ರ ಡಿಸೆಂಬರಿನಲ್ಲಿ ತೀರಿಕೊಂಡರು.

ಈ ಇಡೀ ಕಥೆಯಲ್ಲಿ ನನಗೆ ಮುಖ್ಯವೆನಿಸುವ ಸಂಗತಿ ಒಂದಿದೆ. ಇಷ್ಟು ದೊಡ್ಡ ಹೆಸರಿದ್ದರೂ ಒಬ್ಬಳೇ ಮಗಳನ್ನು ತಂದೆಯ ಸೀಟಿಗೋ ತಾಯಿಯ ಸೀಟಿಗೋ ತಂದು ಕೂರಿಸಲಿಲ್ಲ. ಅನುಕಂಪದ ಮತ ಕೇಳಲು ಅವಕಾಶವಿರಲಿಲ್ಲವೆಂದಲ್ಲ. ನಮ್ಮ ದೇಶದಲ್ಲಿ ಎಷ್ಟೋ ಮನೆಗಳಲ್ಲಿ ಚಿತೆಯ ಬೆಂಕಿ ಆರುವ ಮೊದಲೇ ಉಮೇದುವಾರಿಕೆಯ ಮಾತು ಹುಟ್ಟಿದೆ.

"ಅಳಿಯ ಪಿ. ಕರುಣಾಕರನ್ ಇದೇ ಕಾಸರಗೋಡಿನಿಂದ 2004, 2009, 2014ರಲ್ಲಿ ಗೆಲ್ಲಲಿಲ್ಲವೆ, ಅದು ವಂಶಪಾರಂಪರ್ಯವಲ್ಲವೆ?" ಎಂದು ಕೆಲವರು ಕೇಳುತ್ತಾರೆ. ಕೇಳತಕ್ಕ ಪ್ರಶ್ನೆಯೇ. ಉತ್ತರಕ್ಕೆ ಲೆಕ್ಕ ನೋಡಬೇಕು. ಎ.ಕೆ.ಜಿ. ಈ ಕ್ಷೇತ್ರ ಬಿಟ್ಟದ್ದು 1971ರಲ್ಲಿ. ಅಳಿಯ ಗೆದ್ದದ್ದು 2004ರಲ್ಲಿ. ನಡುವಿನ ಮೂವತ್ತಮೂರು ವರ್ಷ ಕಡನ್ನಪ್ಪಳ್ಳಿ ರಾಮಚಂದ್ರನ್, ನಮ್ಮವರೇ ಆದ ಎಂ. ರಾಮಣ್ಣ ರೈ, ಐ. ರಾಮ ರೈ, ಬಳಿಕ ಟಿ. ಗೋವಿಂದನ್ ಇಲ್ಲಿಂದ ದಿಲ್ಲಿಗೆ ಹೋದರು. ಕರುಣಾಕರನ್ ಪಕ್ಷದ ಸಂಘಟನೆಯಲ್ಲಿ ಬಹುಕಾಲ ದುಡಿದು ಬಂದವರು. ಮಾವನ ಹೆಸರು ಅವರಿಗೆ ಅಡ್ಡಿಯಾಗಿರಲಾರದು, ಸ್ವಲ್ಪ ಸಹಾಯವನ್ನೂ ಮಾಡಿರಬಹುದು. ಆದರೆ ಸರದಿಯಲ್ಲಿ ನಿಂತು ಬರುವುದಕ್ಕೂ ಹಿಂಬಾಗಿಲಿನಿಂದ ಮೊದಲ ಪಂಕ್ತಿಗೆ ಬಂದು ಕೂರುವುದಕ್ಕೂ ಇರುವ ವ್ಯತ್ಯಾಸ ಊಟದ ಮನೆಯಲ್ಲಿ ಬಡಿಸುವವನಿಗೆ ಗೊತ್ತಾದಂತೆ ಮತದಾರನಿಗೂ ಗೊತ್ತಾಗಬೇಕು.

ಪಕ್ಷ ಒಡೆದಾಗ ಮನೆ ಒಡೆದದ್ದು

ಗೋಪಾಲನ್ ದಂಪತಿಗೆ ಪಕ್ಷ ಒಂದೇ ಆಗಿತ್ತು. ಹಾಗಾಗದವರ ಪಾಡು ಏನೆಂಬುದಕ್ಕೆ ಕೆ.ಆರ್. ಗೌರಿಯಮ್ಮ ಮತ್ತು ಟಿ.ವಿ. ತೋಮಸ್ ಸಾಕ್ಷಿ. 1957ರ ಮೊದಲ ಮಂತ್ರಿಮಂಡಲದಲ್ಲಿ ಗೌರಿಯಮ್ಮ ಕಂದಾಯ ಸಚಿವೆ, ತೋಮಸ್ ಕಾರ್ಮಿಕ ಸಚಿವ. ಅದೇ ವರ್ಷ ಅವರಿಬ್ಬರ ಮದುವೆ. 1964ರಲ್ಲಿ ಪಕ್ಷ ಒಡೆದಾಗ ಗಂಡ ಸಿ.ಪಿ.ಐ.ಯಲ್ಲಿ ಉಳಿದರು, ಹೆಂಡತಿ ಸಿ.ಪಿ.ಎಂ.ಗೆ ಹೋದರು. 1967ರಲ್ಲಿ ಇಬ್ಬರೂ ಮತ್ತೆ ಒಂದೇ ಮಂತ್ರಿಮಂಡಲದಲ್ಲಿ ಕುಳಿತರು. ಸಂಸಾರ ಮಾತ್ರ ಮೊದಲಿನಂತೆ ಕೂಡಿ ಬರಲಿಲ್ಲ. ಎ.ಕೆ.ಜಿ. ತೀರಿಕೊಂಡ ನಾಲ್ಕೇ ದಿನಕ್ಕೆ, 1977ರ ಮಾರ್ಚ್ 26ರಂದು, ತೋಮಸ್ ತೀರಿಕೊಂಡರು. ಗೌರಿಯಮ್ಮ ಅನಂತರ ನಲವತ್ತನಾಲ್ಕು ವರ್ಷ ಬದುಕಿ, 2021ರಲ್ಲಿ ನೂರೊಂದನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚಿದರು. ಅವರಿಗೆ ಮಕ್ಕಳಿರಲಿಲ್ಲ.

ಭೂಸುಧಾರಣೆಯ ಕಾನೂನಿಗೆ ದುಡಿದ ಆ ಹೆಂಗಸಿನಿಂದ ಎಷ್ಟೋ ಒಕ್ಕಲು ಮನೆಗಳ ಮಕ್ಕಳು ಸ್ವಂತ ನೆಲದ ಮೇಲೆ ಬೆಳೆಯುವಂತಾಯಿತು. 1987ರಲ್ಲಿ ಆಕೆಯ ಹೆಸರು ಹೇಳಿ ಮತ ಕೇಳಿದರು, ಮುಖ್ಯಮಂತ್ರಿಯಾದವರು ನಾಯನಾರ್. 1996ರಲ್ಲಿ ಸುಶೀಲಾ ಅವರಿಗಾದದ್ದೂ ಅದೇ. ಇಬ್ಬರು ಹೆಂಗಸರೂ ಮನೆಯ ನೆಮ್ಮದಿಯನ್ನು ಪಕ್ಷಕ್ಕೆ ಕೊಟ್ಟವರು; ಮೇಲಿನ ಕುರ್ಚಿಯನ್ನು ಕೊಡುವ ಹೊತ್ತಿಗೆ ಪಕ್ಷದ ಕೈ ಹಿಂದೆ ಸರಿಯಿತು. ರಾಜಕೀಯ ದಂಪತಿಯಲ್ಲಿ ಹೆಚ್ಚು ತೆರುವವಳು ಹೆಂಡತಿಯೇ ಎಂಬುದಕ್ಕೆ ಇನ್ನಾವ ಪುರಾವೆ ಬೇಕು?

ದಿಲ್ಲಿಯ ಇನ್ನೊಂದು ಮನೆ

ಇದಕ್ಕೆ ಎದುರಾಗಿ ಇಂದಿರಾ ಮತ್ತು ಫಿರೋಜ್ ಗಾಂಧಿಯವರ ಮನೆಯನ್ನು ನೋಡಿ. 1942ರಲ್ಲಿ ಮದುವೆ, 1944ರಲ್ಲಿ ರಾಜೀವ, 1946ರಲ್ಲಿ ಸಂಜಯ. ತಂದೆ ನೆಹರೂ ಅವರ ಮನೆವಾರ್ತೆ ನೋಡಿಕೊಳ್ಳಲು ಇಂದಿರಾ ಮಕ್ಕಳೊಡನೆ ಪ್ರಧಾನಿಯ ನಿವಾಸಕ್ಕೆ ಹೋದರು. ರಾಯಬರೇಲಿಯ ಸಂಸದರಾದ ಫಿರೋಜರು ಮಾವನ ಸರಕಾರದ ಲೋಪಗಳನ್ನೇ ಸಂಸತ್ತಿನಲ್ಲಿ ಎತ್ತಿ ತೋರಿಸಿದವರು. ಮುಂದ್ರಾ ಹಗರಣವನ್ನು ಅವರು ಬಯಲಿಗೆಳೆದ ಮೇಲೆ 1958ರಲ್ಲಿ ಹಣಕಾಸು ಮಂತ್ರಿ ರಾಜೀನಾಮೆ ಕೊಡಬೇಕಾಯಿತು. 1959ರಲ್ಲಿ ಕೇರಳದ ಮಂತ್ರಿಮಂಡಲವನ್ನು ವಜಾ ಮಾಡಿದ ವಿಷಯದಲ್ಲಿಯೂ ಕಾಂಗ್ರೆಸ್ ಅಧ್ಯಕ್ಷೆಯಾಗಿದ್ದ ಹೆಂಡತಿಗೂ ಗಂಡನಿಗೂ ತೀವ್ರ ಭಿನ್ನಾಭಿಪ್ರಾಯವಿತ್ತು. ಮರುವರ್ಷ ಸೆಪ್ಟೆಂಬರಿನಲ್ಲಿ ಫಿರೋಜ್ ತೀರಿಕೊಂಡಾಗ ಅವರಿಗೆ ನಲವತ್ತೆಂಟು ತುಂಬಿರಲಿಲ್ಲ; ದೊಡ್ಡ ಮಗನಿಗೆ ಹದಿನಾರು, ಚಿಕ್ಕವನಿಗೆ ಹದಿಮೂರು.

ಆ ಮಕ್ಕಳಲ್ಲಿ ದೊಡ್ಡವನು ರಾಜಕೀಯ ಬೇಡವೆಂದು ವಿಮಾನ ನಡೆಸುವ ಉದ್ಯೋಗ ಹಿಡಿದಿದ್ದ. 1980ರ ಜೂನಿನಲ್ಲಿ ತಮ್ಮ ವಿಮಾನ ಅಪಘಾತದಲ್ಲಿ ಸತ್ತ ಮೇಲೆ ಪಕ್ಷದವರು ಅವನನ್ನು ಬಿಡಲಿಲ್ಲ. 1981ರಲ್ಲಿ ಅಮೇಥಿ, 1984ರ ಅಕ್ಟೋಬರ್ 31ರಂದು ತಾಯಿಯ ಹತ್ಯೆಯಾದ ದಿನವೇ ಪ್ರಧಾನಿ ಪದವಿ, 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ಸಾವು. ಮುಂದಿನ ತಲೆಮಾರು ನಮ್ಮ ನೆರೆಯ ವಯನಾಡಿನವರೆಗೂ ಬಂದಿದೆ. 2019ರಲ್ಲಿ ರಾಹುಲ್, 2024ರ ಉಪಚುನಾವಣೆಯಲ್ಲಿ ಪ್ರಿಯಾಂಕಾ ಅಲ್ಲಿಂದ ಗೆದ್ದರು.

ವಂಶಪಾರಂಪರ್ಯವೆಂದರೆ ನಾವು ಸಾಮಾನ್ಯವಾಗಿ ಮಕ್ಕಳಿಗೆ ಸಿಕ್ಕ ಲಾಭವನ್ನು ಮಾತ್ರ ಎಣಿಸುತ್ತೇವೆ. ಮಕ್ಕಳಿಂದ ಕಿತ್ತುಕೊಂಡದ್ದನ್ನೂ ಎಣಿಸಬೇಕು. ಒಂದು ದೊಡ್ಡ ಪಕ್ಷ ತನ್ನ ಲಕ್ಷಾಂತರ ಸದಸ್ಯರಲ್ಲಿ ನಾಯಕನನ್ನು ಹುಡುಕಲು ಮನಸ್ಸು ಮಾಡದೆ, ಒಂದು ಮನೆಯ ಬಾಗಿಲಲ್ಲಿ ನಿಂತು ಮಗನನ್ನು ಕೇಳಿತು. ಅದರಲ್ಲಿ ಮನೆಯವರ ಆಸೆ ಎಷ್ಟೋ ಹಿಂಬಾಲಕರ ಸೋಮಾರಿತನವೂ ಅಷ್ಟೇ.

ನಮ್ಮ ಪಂಚಾಯತಿನ ದಂಪತಿಗಳು

ಇದೆಲ್ಲ ದಿಲ್ಲಿ, ತಿರುವನಂತಪುರದ ಮಾತಾಯಿತು, ನಮಗೇನು ಎಂದು ಓದುಗರು ಕೇಳಬಹುದು. 1995ರ ಚುನಾವಣೆಯಲ್ಲಿ ಕೇರಳದ ಪಂಚಾಯತುಗಳಲ್ಲಿ ಹೆಂಗಸರಿಗೆ ಮೂರನೆಯ ಒಂದು ಪಾಲು ಸ್ಥಾನ ಮೀಸಲಾಯಿತು. 2010ರಿಂದ ಅರ್ಧ ಪಾಲು. ಇದರಿಂದ ರಾಜಕೀಯ ದಂಪತಿ ಎಂಬುದು ಮಂಜೇಶ್ವರ, ಬದಿಯಡ್ಕ, ಎಣ್ಮಕಜೆ, ಬೆಳ್ಳೂರು ಮುಂತಾಗಿ ನಮ್ಮ ಪ್ರತಿ ಪಂಚಾಯತಿನ ಮನೆಮಾತಾಗಿದೆ. ಗಂಡ ಪಕ್ಷದ ಕಾರ್ಯಕರ್ತ, ಹೆಂಡತಿ ವಾರ್ಡು ಸದಸ್ಯೆ. ಅವರ ಮಕ್ಕಳು ನಮ್ಮ ತರಗತಿಯ ಬೆಂಚಿನಲ್ಲಿ ಕುಳಿತಿದ್ದಾರೆ.

ಅಧ್ಯಾಪಕನಾಗಿ ನಾನು ಕಂಡದ್ದನ್ನು ಹೇಳುತ್ತೇನೆ. ಚುನಾವಣೆಯ ವರ್ಷ ಅಂಥ ಮಕ್ಕಳ ಮನೆಪಾಠ ತಪ್ಪುತ್ತದೆ. ರಕ್ಷಕ ಶಿಕ್ಷಕ ಸಂಘದ ಸಭೆಗೆ ಅಜ್ಜಿ ಬರುತ್ತಾರೆ, ಪ್ರೋಗ್ರೆಸ್ ಕಾರ್ಡು ಸಹಿಯಿಲ್ಲದೆ ಚೀಲದಲ್ಲೇ ಉಳಿಯುತ್ತದೆ. ಮಧ್ಯಾಹ್ನದ ಊಟದ ಹೊತ್ತಿಗೆ ಸಹಪಾಠಿಗಳು, "ನಿನ್ನ ಅಮ್ಮ ನಮ್ಮ ರಸ್ತೆಗೆ ಡಾಮರು ಹಾಕಿಸಲಿಲ್ಲ" ಎಂದು ಮಗುವಿನ ಮೇಲೆ ಮುಗಿಬೀಳುತ್ತಾರೆ. ಆ ಮಾತು ಹತ್ತು ವರ್ಷದ ಮಕ್ಕಳದ್ದಲ್ಲ. ಹಿಂದಿನ ರಾತ್ರಿ ಅವರ ಮನೆಯ ಜಗಲಿಯಲ್ಲಿ ದೊಡ್ಡವರು ಆಡಿದ್ದು. ಇದನ್ನು ನಿಲ್ಲಿಸುವುದು ದೊಡ್ಡವರ ಕೈಯಲ್ಲೇ ಇದೆ. ಸದಸ್ಯೆಯನ್ನು ಗ್ರಾಮಸಭೆಯಲ್ಲಿ ಎಷ್ಟು ಬೇಕಾದರೂ ಕೇಳಿ. ಅವಳ ಮಗುವನ್ನು ಕೇಳಬೇಡಿ.

ಪಕ್ಷಗಳೂ ಒಂದು ಕೆಲಸ ಮಾಡಬಹುದು. ಸಂಜೆ ಏಳಕ್ಕೆ ಕರೆದು ಒಂಬತ್ತಕ್ಕೆ ಆರಂಭಿಸುವ ಸಭೆಗಳು ಹೆಂಗಸರನ್ನು ಹೊರಗಿಡಲೆಂದೇ ಮಾಡಿದಂತಿವೆ. ಸಭೆಗೆ ಅವಳು ಬರಲಾರದೆ ಹೋದಾಗ ಗಂಡ ಬರುತ್ತಾನೆ. ಎರಡು ಸಲ ಬಂದವನು ಮೂರನೆಯ ಸಲ ಅವಳ ಪರವಾಗಿ ತೀರ್ಮಾನವನ್ನೂ ಕೊಡುತ್ತಾನೆ. ಶಾಲೆಯ ಹೊತ್ತಿನಲ್ಲಿ ಸಭೆ ಕರೆದರೆ ಮನೆಯೂ ಉಳಿಯುತ್ತದೆ, ಮೀಸಲಾತಿಯ ಅರ್ಥವೂ ಉಳಿಯುತ್ತದೆ. ಗಂಡನಾದವನು ಸಭೆಗೆ ಹೋಗುವ ಬದಲು ಮಗುವಿನ ಗಣಿತ ನೋಡಿಕೊಂಡರೆ ಹೆಂಡತಿಗೆ ಮಾಡುವ ದೊಡ್ಡ ಉಪಕಾರ ಅದೇ.

ಆರನೆಯ ದಿನದ ಎಣಿಕೆ

ಕೊನೆಗೆ, ನಮ್ಮ ಭಾಷೆಯ ಮಾತು. ಕೇರಳದ ಶಾಲೆಗಳಲ್ಲಿ ಜೂನ್ ತಿಂಗಳ ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ಎಷ್ಟು ಡಿವಿಜನ್, ಎಷ್ಟು ಅಧ್ಯಾಪಕರ ಹುದ್ದೆ ಎಂಬುದು ಆ ಎಣಿಕೆಯ ಮೇಲೆ ನಿಂತಿದೆ. ಒಂದೆರಡು ಮಕ್ಕಳು ಕಡಿಮೆಯಾದರೂ ಕನ್ನಡದ ಡಿವಿಜನ್ ಹೋಗಬಹುದು. ಹೋದ ಡಿವಿಜನ್ ಮರಳಿ ಬರುವುದು ಕಷ್ಟ.

ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗೆ ನೇಮಿಸಿದಾಗ ನಾವು ಧರಣಿ ಕೂರುತ್ತೇವೆ. ಕೂರಲೇಬೇಕು. ಆ ಧರಣಿಯಲ್ಲಿ ಗಟ್ಟಿಯಾಗಿ ಮಾತಾಡುವ ನಾಯಕರೆಷ್ಟೋ ಮಂದಿಯ ಮಕ್ಕಳು ಬೆಳಿಗ್ಗೆ ಹಳದಿ ಬಸ್ಸು ಹತ್ತಿ ಇಂಗ್ಲಿಷ್ ಮಾಧ್ಯಮಕ್ಕೆ ಹೋಗಿರುತ್ತಾರೆ. ಇದು ಒಂದು ಪಕ್ಷದ ಮಾತಲ್ಲ; ಎಲ್ಲ ಬಣ್ಣದ ಬಾವುಟದ ಕೆಳಗೂ ಇದೆ, ಕನ್ನಡ ಸಂಘಗಳ ವೇದಿಕೆಯಲ್ಲೂ ಇದೆ, ನಮ್ಮ ಅಧ್ಯಾಪಕ ವರ್ಗದಲ್ಲೂ ಇದೆ.

"ನಮ್ಮ ತತ್ವಕ್ಕಾಗಿ ಮಗುವಿನ ಭವಿಷ್ಯವನ್ನು ಬಲಿಕೊಡಬೇಕೆ?" ಎಂದು ಅವರು ಕೇಳುತ್ತಾರೆ. ಹೆತ್ತವರ ಪ್ರಶ್ನೆಯಾಗಿ ಇದು ಸಾಚಾ. ಮಗುವಿನ ಶಾಲೆಯನ್ನು ಆರಿಸುವ ಹಕ್ಕು ತಂದೆ ತಾಯಿಯರದು. ಅದನ್ನು ಕಸಿದುಕೊಳ್ಳುವ ಅಧಿಕಾರ ಯಾರಿಗೂ ಇಲ್ಲ. ಆದರೆ ಅದೇ ಹೆತ್ತವರು ನಾಯಕರಾಗಿ ವೇದಿಕೆ ಹತ್ತಿ, ಬೀಡಿ ಕಟ್ಟುವವಳ ಮಗನೂ ಅಡಿಕೆ ತೋಟದ ಕೂಲಿಯಾಳಿನ ಮಗಳೂ ಕನ್ನಡ ಶಾಲೆ ಬಿಡಬಾರದೆಂದು ಬುದ್ಧಿ ಹೇಳಿದರೆ, ಆ ಬಡವರ ಮಕ್ಕಳಿಗೆ ಭವಿಷ್ಯವಿಲ್ಲವೆ? ತಮ್ಮ ಮಗುವಿಗೆ ಸಾಲದ ಶಾಲೆ ಅವರ ಮಗುವಿಗೆ ಹೇಗೆ ಸಾಕು? ಕನ್ನಡ ಶಾಲೆ ಸಾಲದೆಂದು ತಿಳಿದಿದ್ದರೆ ಅದನ್ನು ಸಾಲುವಂತೆ ಮಾಡುವ ಅಧಿಕಾರ ಅವರ ಕೈಯಲ್ಲಿದೆ. ತಮ್ಮ ಮಗು ಅದೇ ಬೆಂಚಿನಲ್ಲಿ ಕುಳಿತರೆ ಖಾಲಿ ಬಿದ್ದ ಇಂಗ್ಲಿಷ್ ಅಧ್ಯಾಪಕರ ಹುದ್ದೆಯೂ ಮಳೆಗಾಲದಲ್ಲಿ ಸೋರುವ ಮಾಡೂ ಎಷ್ಟು ಬೇಗ ಅವರ ಕಣ್ಣಿಗೆ ಬೀಳುತ್ತವೆಂಬುದನ್ನು ಹೇಳಬೇಕಾಗಿಲ್ಲ.

ಆದ್ದರಿಂದ ಮುಂದಿನ ಸಲ ಮತ ಕೇಳಲು ಬಂದವರನ್ನು ಚಾವಡಿಯಲ್ಲಿ ಕೂರಿಸಿ ನೀರು ಬೆಲ್ಲ ಕೊಟ್ಟು, ಮರ್ಯಾದೆಯಿಂದಲೇ ಎರಡು ಮಾತು ಕೇಳಿ. "ನಿಮ್ಮ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ?" ಎಂಬುದು ಒಂದು. "ನೀವು ಗೆದ್ದರೆ ಮನೆಯಲ್ಲಿ ಅವರನ್ನು ನೋಡಿಕೊಳ್ಳುವವರು ಯಾರು?" ಎಂಬುದು ಇನ್ನೊಂದು. ಎರಡನೆಯ ಪ್ರಶ್ನೆಯನ್ನು ಹೆಂಗಸು ಅಭ್ಯರ್ಥಿಗೆ ಮಾತ್ರ ಕೇಳಬೇಡಿ, ಗಂಡಸಿಗೂ ಕೇಳಿ. ಅದಕ್ಕಿಂತ ಹೆಚ್ಚು ಅವರ ಮನೆಯೊಳಗೆ ಇಣುಕುವ ಅಗತ್ಯ ನಮಗಿಲ್ಲ. ಈ ಎರಡಕ್ಕೆ ನೇರವಾಗಿ ಉತ್ತರ ಕೊಡುವವರಿಗೆ, ಅವರು ಯಾವ ಪಕ್ಷದವರೇ ಆಗಲಿ, ಮತ ಹಾಕುವ ಮೊದಲು ಒಂದು ಗಳಿಗೆ ಹೆಚ್ಚು ಯೋಚಿಸುವುದು ತಪ್ಪಾಗಲಾರದು.